ಭೂಕಂಪ ಆದ್ರೆ ನಮ್ಮ ಸೈಟಿನ ನೆಲ ಎಷ್ಟು ಅಲುಗಾಡುತ್ತೆ? ಲೆಕ್ಕ ಹಾಕೋಣ ಬನ್ನಿ

"ಬೆಂಗಳೂರಲ್ಲಿ ಭೂಕಂಪ ಆಗುತ್ತಾ ಸಾರ್?" ಮನೆ ಕಟ್ಟಿಸುವವರು ಕೇಳುವ ಪ್ರಶ್ನೆ ಇದು. ಯಾವತ್ತು, ಎಲ್ಲಿ ಅಂತ ಯಾರೂ ಹೇಳಲಾರರು. ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಉತ್ತರ ಸಿಗುತ್ತದೆ. ಇಂತಿಷ್ಟು ದೊಡ್ಡ ಭೂಕಂಪ, ಇಂತಿಷ್ಟು ದೂರದಲ್ಲಿ ಆದರೆ, ನನ್ನ ಸೈಟಿನ ನೆಲ ಎಷ್ಟು ಜೋರಾಗಿ ಅಲುಗಾಡಬಹುದು? ಇದನ್ನು ಲೆಕ್ಕ ಹಾಕಲು ಸೂತ್ರಗಳಿವೆ. ಎಂಜಿನಿಯರುಗಳು ಇವಕ್ಕೆ ಜಿಎಂಪಿಇ (ಗ್ರೌಂಡ್ ಮೋಶನ್ ಪ್ರಿಡಿಕ್ಷನ್ ಈಕ್ವೇಶನ್) ಅನ್ನುತ್ತಾರೆ. ಹಳಬರು ಅಟೆನ್ಯುಯೇಶನ್ ರಿಲೇಶನ್ ಅನ್ನುತ್ತಿದ್ದರು. ಹೆಸರು ಕೇಳಿ ಹೆದರಬೇಡಿ. ಎಕ್ಸೆಲ್ ಹಾಳೆ ಒಂದಿದ್ದರೆ ಸಾಕು, ಮೊದಲ ಲೆಕ್ಕ ಹತ್ತು ನಿಮಿಷದ ಕೆಲಸ. ಆ ಉತ್ತರವನ್ನು ಎಷ್ಟು ನಂಬಬೇಕು ಅನ್ನುವುದು ಮಾತ್ರ ಹತ್ತು ನಿಮಿಷದಲ್ಲಿ ಬರುವುದಿಲ್ಲ. ಈ ಬರಹದ ಅರ್ಧ ಅದರ ಬಗ್ಗೆಯೇ ಇದೆ.

ಬೆಂಗಳೂರನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಮೊದಲು: ಏನನ್ನು ಅಳೆಯುತ್ತಿದ್ದೇವೆ?

ಊರ ಜಾತ್ರೆಯಲ್ಲಿ ಡೊಳ್ಳು ಬಾರಿಸುತ್ತಾರೆ. ಪಕ್ಕದಲ್ಲಿ ನಿಂತವನ ಎದೆ ನಡುಗುತ್ತದೆ. ಊರಾಚೆ ಹೊಲದಲ್ಲಿದ್ದವನಿಗೆ ಸದ್ದು ಮಾತ್ರ ಕೇಳುತ್ತದೆ. ಪೆಟ್ಟು ಎಷ್ಟು ಜೋರು ಅನ್ನುವುದು ಮ್ಯಾಗ್ನಿಟ್ಯೂಡ್. ಅದು ಒಂದು ಭೂಕಂಪಕ್ಕೆ ಒಂದೇ. ಎದೆ ಎಷ್ಟು ನಡುಗಿತು ಅನ್ನುವುದು ನೆಲದ ಅಲುಗಾಟ. ಅದು ಜಾಗದಿಂದ ಜಾಗಕ್ಕೆ ಬೇರೆ. ನಮ್ಮ ಪತ್ರಿಕೆಗಳು ಎರಡಕ್ಕೂ 'ತೀವ್ರತೆ' ಅಂತಲೇ ಬರೆದುಬಿಡುತ್ತವೆ. ಅರ್ಧ ಗೊಂದಲ ಅಲ್ಲಿಂದಲೇ ಶುರು.

ಅಲುಗಾಟವನ್ನು ಅಳೆಯುವ ಸುಲಭದ ಅಳತೆ ಪಿಜಿಎ, ಅಂದರೆ ನೆಲ ತಲುಪಿದ ಗರಿಷ್ಠ ವೇಗೋತ್ಕರ್ಷ. ಇದನ್ನು 'ಜಿ' ಲೆಕ್ಕದಲ್ಲಿ ಹೇಳುತ್ತೇವೆ. 1 ಜಿ ಅಂದರೆ ಭೂಮಿಯ ಗುರುತ್ವ, ಸೆಕೆಂಡಿಗೆ ಸೆಕೆಂಡಿಗೆ 9.81 ಮೀಟರ್.

ಹಂತ 1: ಸರಿಯಾದ ಮಾದರಿ ಆರಿಸಿ

ಪ್ರಪಂಚದಲ್ಲಿ ಇಂಥ ಸೂತ್ರಗಳು ನೂರಾರು ಇವೆ. ಕ್ಯಾಲಿಫೋರ್ನಿಯಾದಲ್ಲಿ ದಾಖಲೆಗಳು ರಾಶಿ ಬಿದ್ದಿವೆ, ಹಾಗಾಗಿ ಅಲ್ಲಿನ ಮಾದರಿಗಳು ಚೆನ್ನಾಗಿವೆ. ಹಾಗಂತ ಅದನ್ನೇ ತಂದು ಕರ್ನಾಟಕಕ್ಕೆ ಹಾಕಬೇಡಿ. ನಮ್ಮ ಕಾಲ ಕೆಳಗಿರುವುದು 250 ಕೋಟಿ ವರ್ಷಕ್ಕೂ ಹಳೆಯ ಬಂಡೆ. ಗಟ್ಟಿ, ತಣ್ಣಗಿನ ಬಂಡೆ. ಇದರಲ್ಲಿ ಕಂಪನ ಬೇಗ ಸಾಯುವುದಿಲ್ಲ, ದೂರ ಸಾಗುತ್ತದೆ. ಕ್ಯಾಲಿಫೋರ್ನಿಯಾದ ನೆಲ ಒಡೆದು ಹೋದ ನೆಲ, ಅಲ್ಲಿ ಬೇಗ ಕರಗುತ್ತದೆ.

ನಮ್ಮ ಕಷ್ಟ ಬೇರೆ. ದಕ್ಷಿಣ ಭಾರತದಲ್ಲಿ ದೊಡ್ಡ ಭೂಕಂಪದ ಹತ್ತಿರದಲ್ಲಿ ಉಪಕರಣದಿಂದ ದಾಖಲಾದದ್ದು ತೀರಾ ಕಡಿಮೆ. ಹಾಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರ್. ಎನ್. ಅಯ್ಯಂಗಾರ್ ಮತ್ತು ಎಸ್. ಟಿ. ಜಿ. ರಘುಕಾಂತ್ ಬೇರೆ ದಾರಿ ಹಿಡಿದರು. ಭೂಕಂಪದ ಮೂಲ ಹೇಗೆ ಬಿರುಕು ಬಿಡುತ್ತದೆ, ಬಂಡೆಯಲ್ಲಿ ಅಲೆ ಹೇಗೆ ಸವೆಯುತ್ತದೆ ಎಂಬ ಭೌತಶಾಸ್ತ್ರದಿಂದ ಕಂಪ್ಯೂಟರಿನಲ್ಲಿ ಸಾವಿರಾರು ಕೃತಕ ಕಂಪನಗಳನ್ನು ಹುಟ್ಟಿಸಿ, ಅವಕ್ಕೆ ಸೂತ್ರ ಹೊಂದಿಸಿದರು. 2004ರಲ್ಲಿ ಮೊದಲ ರೂಪ ಬಂತು. 2007ರಲ್ಲಿ ವಿಸ್ತಾರವಾದ ರೂಪ ಬಂತು. ಇಡೀ ಪರ್ಯಾಯ ದ್ವೀಪಕ್ಕೆ ಒಂದು ಗುಂಪು ಅಂಕೆ, ಜೊತೆಗೆ ಕೊಯ್ನಾ–ವಾರ್ಣಾ, ಪಶ್ಚಿಮ–ಮಧ್ಯ, ದಕ್ಷಿಣ ಎಂಬ ಮೂರು ಪ್ರದೇಶಗಳಿಗೆ ಬೇರೆ ಬೇರೆ ಅಂಕೆ. ನಾವು ದಕ್ಷಿಣದ್ದನ್ನು ಬಳಸುತ್ತೇವೆ.

ಮಾದರಿ ಯಾವುದೇ ಇರಲಿ, ಮೂರು ವಿಷಯ ನೋಡದೆ ಮುಟ್ಟಬೇಡಿ: ಯಾವ ಮ್ಯಾಗ್ನಿಟ್ಯೂಡ್‌ವರೆಗೆ ನಡೆಯುತ್ತದೆ, ಎಷ್ಟು ದೂರದವರೆಗೆ ನಡೆಯುತ್ತದೆ, ದೂರವನ್ನು ಹೇಗೆ ಅಳೆಯುತ್ತದೆ. ನಮ್ಮದು 4ರಿಂದ 8ರವರೆಗೆ, 300 ಕಿ.ಮೀ. ಒಳಗೆ. ದೂರ ಹೈಪೋಸೆಂಟರಿನಿಂದ, ಅಂದರೆ ಭೂಮಿಯೊಳಗೆ ಬಿರುಕು ಶುರುವಾದ ಬಿಂದುವಿನಿಂದ.

ಹಂತ 2: ಭೂಕಂಪ ಮತ್ತು ದೂರ ಗೊತ್ತು ಮಾಡಿ

ಬೆಂಗಳೂರಿನ ಬಗ್ಗೆ ಟಿ. ಜಿ. ಸೀತಾರಾಮ್ ಮತ್ತು ಪಿ. ಅನ್ಬಳಗನ್ ವಿವರವಾದ ಅಧ್ಯಯನ ಮಾಡಿದ್ದಾರೆ. ನಗರಕ್ಕೆ ಹೆಚ್ಚು ಅಪಾಯ ತರಬಲ್ಲದ್ದು ಎಂದು ಅವರು ಗುರುತಿಸಿದ್ದು ಮಂಡ್ಯ–ಚನ್ನಪಟ್ಟಣ–ಬೆಂಗಳೂರು ರೇಖೆಯನ್ನು, ಅಂದರೆ ನೆಲದೊಳಗಿನ ಬಿರುಕಿನ ಗುರುತನ್ನು. ಅದರ ಮೇಲೆ 5.1 ಮ್ಯಾಗ್ನಿಟ್ಯೂಡ್ ಭೂಕಂಪ, ಹೈಪೋಸೆಂಟರಿನ ದೂರ 15.88 ಕಿ.ಮೀ. ನಾವೂ ಇದನ್ನೇ ತೆಗೆದುಕೊಳ್ಳೋಣ. ಉತ್ತರ ತಾಳೆ ನೋಡಲು ಅನುಕೂಲ.

ಈ 15.88 ಎಲ್ಲಿಂದ ಬರುತ್ತದೆ? ಆಳ 15 ಕಿ.ಮೀ. ಎಂದಿಟ್ಟುಕೊಳ್ಳಿ. ನಕ್ಷೆಯ ಮೇಲೆ ಸೈಟಿನಿಂದ ದೂರ 5.2 ಕಿ.ಮೀ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಅಷ್ಟೇ: √(15² + 5.2²) = 15.88. ನಕ್ಷೆಯ ದೂರವನ್ನೇ ಸೂತ್ರಕ್ಕೆ ಹಾಕಿಬಿಡುವವರು ಜಾಸ್ತಿ. 5.2 ಹಾಕಿದರೆ ಉತ್ತರ ಮೂರು ಪಟ್ಟು ಮೇಲಕ್ಕೆ ಹೋಗುತ್ತದೆ.

ಮ್ಯಾಗ್ನಿಟ್ಯೂಡ್ ಮೊಮೆಂಟ್ ಮಾಪಕದ್ದಾಗಿರಬೇಕು. ಹಳೆಯ ಪಟ್ಟಿಗಳಲ್ಲಿ ರಿಕ್ಟರ್ ಅಂಕೆ, ಬಾಡಿ ವೇವ್ ಅಂಕೆ ಎಲ್ಲಾ ಕಲೆಸಿರುತ್ತವೆ. ಮೊದಲು ಒಂದೇ ಮಾಪಕಕ್ಕೆ ಬದಲಿಸಿಕೊಳ್ಳಿ.

ಹಂತ 3: ಲೆಕ್ಕ

ಸೂತ್ರ ಇದು:

ಎಲ್‌ಎನ್(ವೈ) = ಸಿ1 + ಸಿ2 × (ಎಂ − 6) + ಸಿ3 × (ಎಂ − 6)² − ಎಲ್‌ಎನ್(ಆರ್) − ಸಿ4 × ಆರ್

ವೈ ಅಂದರೆ ಗಟ್ಟಿ ಬಂಡೆಯ ಮೇಲಿನ ಪಿಜಿಎ, ಜಿ ಲೆಕ್ಕದಲ್ಲಿ. ಎಂ ಮ್ಯಾಗ್ನಿಟ್ಯೂಡ್. ಆರ್ ದೂರ, ಕಿ.ಮೀ. ಲೆಕ್ಕದಲ್ಲಿ. ಎಲ್‌ಎನ್ ಅಂದರೆ ನ್ಯಾಚುರಲ್ ಲಾಗ್. ದಕ್ಷಿಣ ಭಾರತಕ್ಕೆ ಪಿಜಿಎ ಅಂಕೆಗಳು: ಸಿ1 = 1.7816, ಸಿ2 = 0.9205, ಸಿ3 = −0.0673, ಸಿ4 = 0.0035.

ಪದ ಪದವಾಗಿ ನೋಡಿದರೆ ಇದರಲ್ಲಿ ಒಂದು ಕಥೆಯೇ ಇದೆ. ಸಿ2 ಇರುವ ಪದ: ಭೂಕಂಪ ದೊಡ್ಡದಾದಷ್ಟೂ ಅಲುಗಾಟ ಜಾಸ್ತಿ. ಸಿ3 ಋಣ ಇದೆ: ಆದರೆ ಜಾಸ್ತಿಯಾಗುವ ಓಟ ಮೇಲೆ ಹೋದಂತೆ ನಿಧಾನವಾಗುತ್ತದೆ. ಎಲ್‌ಎನ್(ಆರ್): ಕೆರೆಗೆ ಕಲ್ಲು ಹಾಕಿದಾಗ ಅಲೆ ಅಗಲವಾಗುತ್ತಾ ತೆಳುವಾಗುತ್ತದಲ್ಲ, ಅದು. ಸಿ4: ದಾರಿಯಲ್ಲಿ ಬಂಡೆಯೇ ನುಂಗಿಕೊಳ್ಳುವ ಪಾಲು. ದಕ್ಷಿಣಕ್ಕೆ 0.0035, ಕೊಯ್ನಾ ಪ್ರದೇಶಕ್ಕೆ 0.0086. ನಮ್ಮ ಬಂಡೆ ಕಡಿಮೆ ನುಂಗುತ್ತದೆ ಅಂತ ಮೇಲೆ ಹೇಳಿದೆನಲ್ಲ, ಅದು ಇಲ್ಲಿ ಅಂಕೆಯಾಗಿ ಕೂತಿದೆ.

ಈಗ ಅಂಕೆ ಹಾಕಿ. ಎಂ − 6 = −0.9.

ಸಿ2 ಪದ: 0.9205 × (−0.9) = −0.8285
ಸಿ3 ಪದ: −0.0673 × 0.81 = −0.0545
ಎಲ್‌ಎನ್(15.88) = 2.7651
ಸಿ4 ಪದ: 0.0035 × 15.88 = 0.0556

1.7816 − 0.8285 − 0.0545 − 2.7651 − 0.0556 = −1.9221

ಇದರ ಎಕ್ಸ್‌ಪೊನೆನ್ಷಿಯಲ್ (ಲಾಗ್‌ನ ಉಲ್ಟಾ ಲೆಕ್ಕ, ಎಕ್ಸೆಲ್‌ನಲ್ಲಿ ಇಎಕ್ಸ್‌ಪಿ) ತೆಗೆದರೆ 0.146 ಜಿ. ಆ ಅಧ್ಯಯನದಲ್ಲಿ ಬಂದದ್ದೂ ಇದೇ ಅಂಕೆ. ಬಂತಾ? ನಿಮ್ಮ ಹಾಳೆ ಸರಿಯಿದೆ.

ಬರಲಿಲ್ಲ, 0.70 ಬಂತು ಅಂದರೆ ನೀವು ನಾನು ಮಾಡಿದ ತಪ್ಪನ್ನೇ ಮಾಡಿದ್ದೀರಿ. ಎಕ್ಸೆಲ್‌ನಲ್ಲಿ 'ಲಾಗ್' ಅಂತ ಹಾಕಿದರೆ ಅದು ಹತ್ತರ ಲಾಗ್. ನ್ಯಾಚುರಲ್ ಲಾಗ್ ಬೇಕಿದ್ದರೆ 'ಎಲ್‌ಎನ್' ಅಂತಲೇ ಹಾಕಬೇಕು. ಪೈಥಾನ್‌ನಲ್ಲಿ ಇದು ಉಲ್ಟಾ, ಅಲ್ಲಿ 'ಲಾಗ್' ಅಂದರೇ ನ್ಯಾಚುರಲ್. ನನ್ನ ಹಾಳೆಯಲ್ಲಿ ಬೆಂಗಳೂರಿಗೆ 0.70 ಜಿ ಬಂದ ದಿನ ಒಂದು ಗಂಟೆ ತಲೆ ಕೆರೆದುಕೊಂಡು ಕೂತಿದ್ದೆ. ಆಮೇಲೆ ಹೊಸ ಹಾಳೆ ಮಾಡಿದಾಗೆಲ್ಲ ಮೊದಲು ಈ 0.146 ಬರುತ್ತದಾ ಅಂತ ನೋಡಿಯೇ ಮುಂದೆ ಹೋಗುವುದು.

ಹಾಳೆ ಸಿದ್ಧವಾದ ಮೇಲೆ ಅಂಕೆಗಳ ಜೊತೆ ಸ್ವಲ್ಪ ಆಟ ಆಡಿ. ಸುಮ್ನೆ ಅಲ್ಲ, ಸೂತ್ರದ ಸ್ವಭಾವ ಕೈಗೆ ಹತ್ತುವುದು ಹಾಗೆಯೇ. ನಕ್ಷೆಯ ದೂರ 50 ಕಿ.ಮೀ. ಮಾಡಿದರೆ 0.039 ಜಿಗೆ ಇಳಿಯುತ್ತದೆ. ದೂರ ಹಾಗೇ ಇಟ್ಟು ಮ್ಯಾಗ್ನಿಟ್ಯೂಡ್ 6.1 ಮಾಡಿದರೆ 0.39 ಜಿ. ಒಂದು ಅಂಕೆ ಮೇಲೆ ಹೋದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು. ಪಿಜಿಎ ಏರಿದ್ದು ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಉಳಿದ ಶಕ್ತಿ ಎಲ್ಲಿ ಹೋಯಿತು? ಅಲುಗಾಟ ಹೆಚ್ಚು ಹೊತ್ತು ನಡೆಯುತ್ತದೆ, ಹೆಚ್ಚು ಅಗಲಕ್ಕೆ ಹರಡುತ್ತದೆ, ನಿಧಾನದ ಅಲೆಗಳು ಬಲವಾಗುತ್ತವೆ. ಪಿಜಿಎ ಅನ್ನುವ ಒಂದೇ ಅಂಕೆಗೆ ಇದೆಲ್ಲ ಕಾಣುವುದಿಲ್ಲ.

ಹಂತ 4: ಸಿಗ್ಮಾ. ಇದನ್ನು ಬಿಟ್ಟರೆ ಲೆಕ್ಕವೇ ಆಗಿಲ್ಲ

0.146 ಅನ್ನುವುದು ಮೀಡಿಯನ್, ನಡುವಿನ ಅಂಕೆ. ಇದೇ ಮ್ಯಾಗ್ನಿಟ್ಯೂಡ್, ಇದೇ ದೂರದ ನೂರು ಭೂಕಂಪ ಆದರೆ ಸುಮಾರು ಐವತ್ತರಲ್ಲಿ ಇದಕ್ಕಿಂತ ಜಾಸ್ತಿಯೇ ಅಲುಗಾಡುತ್ತದೆ! ಮಾದರಿ ಮಾಡಿದವರು ಈ ಚೆದುರುವಿಕೆಯನ್ನೂ ಕೊಟ್ಟಿರುತ್ತಾರೆ. ದಕ್ಷಿಣಕ್ಕೆ ಸಿಗ್ಮಾ 0.3136, ಎಲ್‌ಎನ್ ಲೆಕ್ಕದಲ್ಲಿ.

ಇದನ್ನು ನೇರವಾಗಿ 0.146ಕ್ಕೆ ಕೂಡಬೇಡಿ. ಲಾಗ್ ಒಳಗೆ ಕೂಡಬೇಕು, ಅಂದರೆ ಹೊರಗೆ ಗುಣಿಸಬೇಕು. 0.3136ರ ಎಕ್ಸ್‌ಪೊನೆನ್ಷಿಯಲ್ 1.37. ಗುಣಿಸಿದರೆ 0.200 ಜಿ, ಭಾಗಿಸಿದರೆ 0.107 ಜಿ. ನೂರರಲ್ಲಿ ಸುಮಾರು 68 ಸಲ ಈ ಎರಡರ ನಡುವೆ ಇರುತ್ತದೆ. 0.200 ಅನ್ನುವುದು 84ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ 84 ಸಲ ಅಲುಗಾಟ ಇದಕ್ಕಿಂತ ಕಡಿಮೆ ಇರುತ್ತದೆ. ಜವಾಬ್ದಾರಿಯ ಕಟ್ಟಡಗಳಿಗೆ ಹೆಚ್ಚಾಗಿ ನೋಡುವುದು ಇದನ್ನೇ.

ಈ ಸಿಗ್ಮಾ ಒಂದು ಮಾದರಿಯ ಒಳಗಿನ ಚೆದುರುವಿಕೆ. ಮಾದರಿಯೇ ತಪ್ಪಿದ್ದರೆ? ಅದಕ್ಕೆ ಇನ್ನೊಂದನ್ನೂ ಓಡಿಸಿ ನೋಡಬೇಕು. ಇಡೀ ಪರ್ಯಾಯ ದ್ವೀಪದ ಅಂಕೆಗಳನ್ನು (1.6858, 0.9241, −0.0760, 0.0057) ಅದೇ ಹಾಳೆಗೆ ಹಾಕಿ. 0.127 ಜಿ ಬರುತ್ತದೆ. ಅಣ್ಣ ತಮ್ಮಂದಿರಂಥ ಎರಡು ಮಾದರಿಗಳಲ್ಲೇ ಇಷ್ಟು ವ್ಯತ್ಯಾಸ. ಬೇರೆ ದೇಶದ ಹಳೆ ಬಂಡೆ ಪ್ರದೇಶಗಳ ಮಾದರಿಗಳನ್ನೂ ಸೇರಿಸಿದರೆ ಇನ್ನೂ ಅಗಲವಾಗುತ್ತದೆ. ದೊಡ್ಡ ಯೋಜನೆಗಳಲ್ಲಿ ಮೂರ್ನಾಲ್ಕು ಮಾದರಿ ತೆಗೆದುಕೊಂಡು, ಒಂದೊಂದಕ್ಕೂ ತೂಕ ಕೊಟ್ಟು ಸೇರಿಸುತ್ತಾರೆ. ಲಾಜಿಕ್ ಟ್ರೀ ಅಂದರೆ ಅದೇ.

ಹಂತ 5: ನಿಮ್ಮ ನೆಲ ಬಂಡೆಯಾ, ಕೆರೆಯಾ?

ಇಲ್ಲಿವರೆಗಿನ ಲೆಕ್ಕ ಗಟ್ಟಿ ಬಂಡೆಯ ಮೇಲಿನದು. ನಮ್ಮ ಸೈಟುಗಳು ಬಂಡೆಯ ಮೇಲೆ ಕೂತಿಲ್ಲ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಇಂಥ ಕಡೆ ನೆಲವನ್ನು ಅಳೆಯದೆ 'ಗಟ್ಟಿ ಮಣ್ಣು' ಅಂತ ಬರೆದುಕೊಳ್ಳಬಾರದು. ಹಳೆಯ ನಕ್ಷೆ ತೆಗೆದು ಕೆರೆ ಅಂಗಳ, ಕೋಡಿ, ರಾಜಕಾಲುವೆ ಎಲ್ಲಿತ್ತು ನೋಡಿ. ಆ ಬಡಾವಣೆಯ ವಯಸ್ಸಾದವರನ್ನು ಕೇಳಿದರೂ ಆಯಿತು.

ಅಳತೆ ಹೀಗೆ: ಮೇಲಿನ 30 ಮೀಟರ್ ಆಳದಲ್ಲಿ ಅಡ್ಡ ಅಲೆ (ನೆಲವನ್ನು ಪಕ್ಕಕ್ಕೆ ಅಲುಗಿಸುತ್ತಾ ಸಾಗುವ ಅಲೆ) ಸರಾಸರಿ ಎಷ್ಟು ವೇಗದಲ್ಲಿ ಹೋಗುತ್ತದೆ ಎಂದು ನೋಡುತ್ತೇವೆ. 'ವಿಎಸ್30' ಅಂತ ಹೆಸರು. ಸೆಕೆಂಡಿಗೆ 1500 ಮೀಟರಿಗಿಂತ ಹೆಚ್ಚಿದ್ದರೆ ಎ ವರ್ಗ, 760ರಿಂದ 1500 ಬಿ, 360ರಿಂದ 760 ಸಿ, 180ರಿಂದ 360 ಡಿ, ಅದಕ್ಕೂ ಕೆಳಗೆ ಇ.

ಸರಾಸರಿ ತೆಗೆಯುವಾಗ ಒಂದು ಕಡೆ ಎಡವುತ್ತಾರೆ. ಒಂದು ಸೈಟ್ ಕಲ್ಪಿಸಿಕೊಳ್ಳಿ. ಮೇಲೆ 4 ಮೀಟರ್ ತುಂಬಿದ ಮಣ್ಣು, ವೇಗ 150. ಕೆಳಗೆ 8 ಮೀಟರ್ ಜೇಡಿ, ವೇಗ 250. ಅದರಡಿ 18 ಮೀಟರ್ ಶಿಥಿಲ ಬಂಡೆ, ವೇಗ 480. ವೇಗಗಳ ಸರಾಸರಿ ತೆಗೆದರೆ 375 ಬರುತ್ತದೆ, ಸಿ ವರ್ಗ. ಅದು ತಪ್ಪು. ಅಲೆ ತೆಗೆದುಕೊಂಡ ಹೊತ್ತನ್ನು ಕೂಡಬೇಕು: 4/150 + 8/250 + 18/480 = 0.0962 ಸೆಕೆಂಡ್. ಈಗ 30 ÷ 0.0962 = 312. ಇದು ಡಿ ವರ್ಗ.

2007ರ ಮಾದರಿಯಲ್ಲಿ ಬಂಡೆಯ ಅಂಕೆಯನ್ನು ಮೇಲಿನ ಮಣ್ಣಿಗೆ ಏರಿಸಲು ಗುಣಕ ಇದೆ. ಗುಣಕದ ಎಲ್‌ಎನ್ = ಎ1 × ವೈ + ಎ2. ಡಿ ವರ್ಗಕ್ಕೆ ಪಿಜಿಎಗೆ ಎ1 = −2.61, ಎ2 = 0.80. ನಮ್ಮ 0.146 ಹಾಕಿದರೆ −0.381 + 0.80 = 0.419, ಗುಣಕ 1.52. ಹಾಗಾಗಿ ಕೆರೆ ಮಣ್ಣಿನ ಮೇಲೆ 0.222 ಜಿ.

ಎ1 ಋಣ ಇರುವುದನ್ನು ಗಮನಿಸಿ. ಬಂಡೆಯಲ್ಲಿ ಅಲುಗಾಟ ತೀರಾ ಸಣ್ಣದಿದ್ದಾಗ ಮೆತ್ತನೆ ಮಣ್ಣು ಅದನ್ನು ಎರಡು ಪಟ್ಟಿಗೂ ಮಿಕ್ಕಿ ಹಿಗ್ಗಿಸುತ್ತದೆ. ಬಂಡೆಯಲ್ಲೇ 0.3 ಜಿ ಇದ್ದರೆ ಗುಣಕ ಹೆಚ್ಚುಕಡಿಮೆ 1. ಜೋರು ಅಲುಗಾಟದಲ್ಲಿ ಮಣ್ಣು ತಾನೇ ಸಡಿಲವಾಗಿ ಶಕ್ತಿ ತಿನ್ನುತ್ತದೆ. ಇದನ್ನು ನೋಡಿ 'ಕೆರೆ ಮಣ್ಣು ಒಳ್ಳೆಯದೇ' ಅಂದುಕೊಳ್ಳಬೇಡಿ. ಮಣ್ಣು ನುಂಗುವುದು ಚುರುಕಾದ ಅಲುಗಾಟವನ್ನು. ನಿಧಾನದ ತೂಗಾಟವನ್ನು ಅದು ಹಿಗ್ಗಿಸುತ್ತದೆ.

ಹಂತ 6: ಕಟ್ಟಡದ ಎತ್ತರ ಸೇರಿಸಿ

1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋದ ಕರಾವಳಿಯಲ್ಲಿ 8.0 ಮ್ಯಾಗ್ನಿಟ್ಯೂಡ್ ಭೂಕಂಪ ಆಯಿತು. 350 ಕಿ.ಮೀ.ಗೂ ಹೆಚ್ಚು ದೂರದ ಮೆಕ್ಸಿಕೋ ಸಿಟಿಯಲ್ಲಿ ನೂರಾರು ಕಟ್ಟಡ ಕುಸಿದವು. ಆ ನಗರದ ನಡುಭಾಗ ಇರುವುದೂ ಹಳೆಯ ಸರೋವರದ ಮಣ್ಣಿನ ಮೇಲೆ. ಆ ಮಣ್ಣು ಎರಡು ಸೆಕೆಂಡಿಗೆ ಒಂದು ತೂಗಿನಂತೆ ತೂಗಿತು. ಏಟು ಜೋರಾಗಿ ಬಿದ್ದದ್ದು ನಡು ಎತ್ತರದ ಕಟ್ಟಡಗಳಿಗೆ.

ಪ್ರತಿ ಕಟ್ಟಡಕ್ಕೂ ಅದರದೇ ತೂಗುವ ಅವಧಿ ಇರುತ್ತದೆ. ಭೂಕಂಪ ತಡೆಯುವ ಕಟ್ಟಡ ವಿನ್ಯಾಸಕ್ಕಿರುವ ನಮ್ಮ ಐಎಸ್ 1893 ಸಂಹಿತೆಯಲ್ಲಿ ಇಟ್ಟಿಗೆ ಗೋಡೆಯ ಆಸರೆ ಇಲ್ಲದ ಕಾಂಕ್ರೀಟ್ ಚೌಕಟ್ಟಿಗೆ ಅಂದಾಜು ಸೂತ್ರ ಇದೆ: ಮೀಟರಿನಲ್ಲಿ ಎತ್ತರದ 0.75ನೇ ಘಾತ × 0.075. 10 ಮೀಟರ್ ಮನೆಗೆ 0.42 ಸೆಕೆಂಡ್, 30 ಮೀಟರ್ ಅಪಾರ್ಟ್‌ಮೆಂಟಿಗೆ 0.96 ಸೆಕೆಂಡ್. ಪಿಜಿಎ ಸೊನ್ನೆ ಅವಧಿಯ ಅಂಕೆ, ಅಂದರೆ ತಾನು ತೂಗದೆ ನೆಲದ ಜೊತೆಗೇ ಅಲುಗುವ ಗಟ್ಟಿ ವಸ್ತುವಿನದು. ನಿಮ್ಮ ಕಟ್ಟಡಕ್ಕೆ ಬೇಕಾದ್ದು ಅದರ ಅವಧಿಯ ಅಂಕೆ. 2007ರ ಮಾದರಿಯಲ್ಲಿ ಒಂದೊಂದು ಅವಧಿಗೂ ಬೇರೆ ಸಿ ಅಂಕೆಗಳ ಪಟ್ಟಿ ಇದೆ. ಸೂತ್ರ ಅದೇ, ಅಂಕೆ ಬದಲಿಸಿ ಮತ್ತೆ ಓಡಿಸಿದರಾಯಿತು.

ಕೈಯಲ್ಲಿ ಇಷ್ಟೆಲ್ಲ ಓಡಿಸಲು ಬೇಸರ ಬಂದರೆ ಓಪನ್‌ಕ್ವೇಕ್ ಅನ್ನುವ ಉಚಿತ ತಂತ್ರಾಂಶ ಇದೆ. ಈ ಮಾದರಿ ಅದರಲ್ಲಿ ಪ್ರದೇಶವಾರು ರೂಪಗಳ ಸಮೇತ ಸಿಗುತ್ತದೆ. ಆದರೂ ಮೊದಲ ಸಲ ಕೈಯಲ್ಲೇ ಮಾಡಿ.

ಹಂತ 7: ನಿಜವಾದ ಭೂಕಂಪದ ಮುಂದೆ ನಿಲ್ಲಿಸಿ

ಮಾದರಿಯ ಮೇಲೆ ಭಕ್ತಿ ಹುಟ್ಟುವ ಮೊದಲು ಇದನ್ನು ಮಾಡಿ. 2001ರ ಜನವರಿ 26ರ ಭುಜ್ ಭೂಕಂಪ, ಮ್ಯಾಗ್ನಿಟ್ಯೂಡ್ 7.7. ಸುಮಾರು 240 ಕಿ.ಮೀ. ದೂರದ ಅಹಮದಾಬಾದಿನ ಪಾಸ್‌ಪೋರ್ಟ್ ಕಚೇರಿ ಕಟ್ಟಡದ ನೆಲಮಹಡಿಯ ಉಪಕರಣದಲ್ಲಿ ದಾಖಲಾದದ್ದು ಸುಮಾರು 0.106 ಜಿ.

ಪಶ್ಚಿಮ–ಮಧ್ಯ ಪ್ರದೇಶದ ಅಂಕೆಗಳು 1.7236, 0.9453, −0.0740, 0.0064. ಹಾಕಿ ನೋಡಿ. ಬಂಡೆಯ ಮೇಲೆ 0.020 ಜಿ ಬರುತ್ತದೆ. ಅಹಮದಾಬಾದ್ ಸಾಬರಮತಿಯ ಮೆಕ್ಕಲು ಮಣ್ಣಿನ ಮೇಲಿದೆ. ಡಿ ವರ್ಗ ಅಂದುಕೊಂಡರೆ ಗುಣಕ 2.1, ಉತ್ತರ 0.043 ಜಿ. ನಿಜವಾಗಿ ಆದದ್ದು ಇದರ ಎರಡೂವರೆ ಪಟ್ಟು!

ಮಾದರಿ ಸುಳ್ಳಾ? ಸಿಗ್ಮಾ ತಂದು ನೋಡೋಣ. ಬಂಡೆಯ ಸಿಗ್ಮಾ 0.3439, ಮಣ್ಣಿನ ಗುಣಕದ್ದು 0.36. ಎರಡರ ವರ್ಗ ಕೂಡಿ ಮೂಲ ತೆಗೆದರೆ ಸುಮಾರು 0.50. ಒಂದು ಸಿಗ್ಮಾ ಮೇಲೆ ಹೋದರೆ 0.07, ಎರಡು ಸಿಗ್ಮಾ ಹೋದರೆ 0.117. ನಿಜದ ಅಂಕೆ ಎರಡು ಸಿಗ್ಮಾದ ಒಳಗೆ ಬಂತು, ಒಂದರ ಹೊರಗೆ ಉಳಿಯಿತು. ಉಪಕರಣ ಇದ್ದದ್ದು ಬಯಲಲ್ಲಿ ಅಲ್ಲ, ಎತ್ತರದ ಕಟ್ಟಡದೊಳಗೆ ಎಂಬುದನ್ನೂ ನೆನಪಿಡಿ. ಆದರೆ ಮೀಡಿಯನ್ ಒಂದನ್ನೇ ಬರೆದು ಕೈ ತೊಳೆದುಕೊಂಡವನಿಗೆ ಅಂದು ಯಾವ ಸಮಾಧಾನವೂ ಸಿಗುತ್ತಿರಲಿಲ್ಲ. ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟುಗಳು ಉರುಳಿದ್ದವು.

ಇನ್ನೊಂದು ಕೊಯ್ನಾ. 1967ರ ಡಿಸೆಂಬರಿನಲ್ಲಿ ಆದ 6.3ರ ಭೂಕಂಪದಲ್ಲಿ ಅಣೆಕಟ್ಟಿನೊಳಗಿನ ಉಪಕರಣ 0.63 ಜಿ ತೋರಿಸಿತು. ಕೊಯ್ನಾ ಅಂಕೆಗಳು 1.7615, 0.9325, −0.0706, 0.0086. ದೂರ 10ರಿಂದ 13 ಕಿ.ಮೀ. ಎಂದು ಹಿಡಿದರೆ 0.70ರಿಂದ 0.53 ಜಿ ಬರುತ್ತದೆ. ಚೆನ್ನಾಗಿ ಕೂಡಿತು ಅಲ್ವಾ? ಅಷ್ಟಕ್ಕೇ ಹಿಗ್ಗಬೇಡಿ. ಸೂತ್ರ ಹುಟ್ಟಿದ್ದು ಆ ಭೂಕಂಪ ಆಗಿ 37 ವರ್ಷದ ಮೇಲೆ.

ಹಂತ 8: ಸಂಹಿತೆಯ ಪಕ್ಕ ಇಟ್ಟು, ಬರೆದಿಡಿ

2016ರ ಐಎಸ್ 1893ರಲ್ಲಿ ಬೆಂಗಳೂರು ವಲಯ 2ರಲ್ಲಿದೆ, ಆ ವಲಯಕ್ಕೆ ಸಂಹಿತೆ ಇಟ್ಟ ಅಲುಗಾಟದ ಅಂಕೆ 0.10 ಜಿ. ಮಂಗಳೂರು, ಬೆಳಗಾವಿ, ಧಾರವಾಡ ವಲಯ 3, ಅಂಕೆ 0.16. ನಮ್ಮ ಲೆಕ್ಕ ಬಂಡೆಯ ಮೇಲೇ 0.146 ಹೇಳುತ್ತಿದೆ. ಗಾಬರಿ ಬೇಡ, ಉಡಾಫೆಯೂ ಬೇಡ. ನಾವು ಕೇಳಿದ್ದು 'ಆದರೆ ಎಷ್ಟು' ಅಂತ. 'ಎಷ್ಟು ವರ್ಷಕ್ಕೊಮ್ಮೆ' ಅಂತ ಕೇಳಲೇ ಇಲ್ಲ. ಆ ಪ್ರಶ್ನೆಗೆ ಸುತ್ತಮುತ್ತಲ ಎಲ್ಲಾ ಮೂಲಗಳನ್ನೂ, ಅವು ಎಷ್ಟು ಸಲ ಅಲುಗುತ್ತವೆ ಅನ್ನುವುದನ್ನೂ ಸೇರಿಸಿ ಸಂಭವನೀಯತೆಯ ಲೆಕ್ಕ ಮಾಡಬೇಕು. 50 ವರ್ಷದಲ್ಲಿ ಶೇ. 10 ಸಾಧ್ಯತೆ, ಅಂದರೆ 475 ವರ್ಷಕ್ಕೊಮ್ಮೆ ಅನ್ನುವ ಮಾತೆಲ್ಲ ಆ ಲೆಕ್ಕದ್ದು. ಮನೆ ವಿನ್ಯಾಸ ಮಾಡುವಾಗ ಸಂಹಿತೆ ಹೇಳಿದ್ದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ನಿಮ್ಮ ಲೆಕ್ಕ ಕಡಿಮೆ ಬಂತು ಅನ್ನುವುದು ಕಬ್ಬಿಣ ಉಳಿಸಲು ನೆಪ ಅಲ್ಲ.

ವರದಿಯಲ್ಲಿ ನಾನು ಬರೆಯುವುದು ಹೀಗೆ: 'ಮಂಡ್ಯ–ಚನ್ನಪಟ್ಟಣ–ಬೆಂಗಳೂರು ರೇಖೆ, ಮೊಮೆಂಟ್ ಮ್ಯಾಗ್ನಿಟ್ಯೂಡ್ 5.1, ಹೈಪೋಸೆಂಟರ್ ದೂರ 15.88 ಕಿ.ಮೀ., ದಕ್ಷಿಣ ಭಾರತದ ಅಂಕೆಗಳು. ಬಂಡೆಯ ಮೇಲೆ ಪಿಜಿಎ 0.146 ಜಿ, ಒಂದು ಸಿಗ್ಮಾ ವ್ಯಾಪ್ತಿ 0.107ರಿಂದ 0.200. ವಿಎಸ್30 312, ಡಿ ವರ್ಗ. ನೆಲದ ಮೇಲೆ 0.22 ಜಿ, ಬಂಡೆಯ ಮತ್ತು ಮಣ್ಣಿನ ಸಿಗ್ಮಾ ಎರಡೂ ಸೇರಿ ವ್ಯಾಪ್ತಿ 0.14ರಿಂದ 0.36.'

"ಇಷ್ಟೆಲ್ಲ ಯಾಕೆ, ಒಂದೇ ನಂಬರ್ ಹೇಳಿ ಸಾರ್" ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ 0.36 ಹೇಳುತ್ತೇನೆ. ವ್ಯಾಪ್ತಿ ಇರುವ ಮೇಲಿನ ಸಾಲನ್ನು ಮಾತ್ರ ವರದಿಯಿಂದ ತೆಗೆಯುವುದಿಲ್ಲ.